ಅತ್ತೆ ನೋಡುತ್ತಿದ್ದ ಒಂದೇ ಕೋಣೆಯ ಸಿನಿಮಾಗಳು

ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ವರ್ಷ ನಮ್ಮ ಮನೆಯಲ್ಲಿ ಕೊಲೆಗಾರರದ್ದೇ ಮಾತು. ಯಾರು ಕೊಂದ, ಯಾಕೆ ಕೊಂದ, ಬಾಗಿಲು ಹಾಕಿದ್ದ ಕೋಣೆಯೊಳಗೆ ಹೇಗೆ ಬಂದ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಮನೆ ತುಂಬ ಓಡಾಡುತ್ತಿದ್ದೆ.

ನಮ್ಮದು ಕೋಡಿಹಳ್ಳಿ ಕಡೆಯ ಊರು. ಎರಡು ಸೀಮೆ ಹಸು, ಒಂದಷ್ಟು ಹಿಪ್ಪುನೇರಳೆ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳು ಸಾಕುವ ಹುಳುಮನೆ. ಅತ್ತೆ ಕೂರುವ ಜೀವವೇ ಅಲ್ಲ. ಡೇರಿಗೆ ಹಾಲು ಹಾಕಿ ಅಲ್ಲಿಂದ ಸೀದಾ ತೋಟಕ್ಕೆ, ತೋಟದಿಂದ ಸೊಪ್ಪಿನ ಹೊರೆಯೊಂದಿಗೆ ಹುಳುಮನೆಗೆ. ಮಧ್ಯಾಹ್ನದ ಮುದ್ದೆಯನ್ನೂ ಹಿತ್ತಿಲ ಬಾಗಿಲಿಗೆ ಒರಗಿ ನಿಂತೇ ಉಣ್ಣುತ್ತಿದ್ದರು. ಅಂಥವರ ಕಾಲಿಗೆ ಕನಕಪುರದಲ್ಲಿ ರಾಡು ಹಾಕಿಸಿ ಮಂಚದ ಮೇಲೆ ಮಲಗಿಸಿದ್ದಾಯಿತು. ಮೂರು ತಿಂಗಳು ಎಡಗಾಲು ನೆಲಕ್ಕೆ ಊರಬಾರದು ಅಂದರು ಡಾಕ್ಟರು. ರಾಗಿ ಮೂಟೆ ಪೇರಿಸುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಅವರ ಮಂಚ ಹಾಕಿದೆವು. ಅದಕ್ಕೆ ಒಂದು ಬಾಗಿಲು, ಹಿತ್ತಿಲ ಕಡೆಗೆ ಸರಳಿನ ಒಂದು ಕಿಟಕಿ.

ಮೊದಲ ವಾರವೇ ಅತ್ತೆ ಸಿಡುಕತೊಡಗಿದರು.

"ಸೂರು ನೋಡ್ಕಂಡು ಎಷ್ಟೊತ್ತಮ್ಮಿ ಬಿದ್ಕಳಾದು? ಹಸ ಅರಚ್ತಾ ಐತೆ, ಯಾರ ಕಿವಿಗೂ ಬೀಳಲ್ವಾ?"

ಹಸು ಅರಚುತ್ತಿರಲಿಲ್ಲ. ಆದರೂ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮೈ ಒರೆಸುವುದು, ಬೆನ್ನಿಗೆ ಪೌಡರ್ ಹಾಕುವುದು, ತಲೆ ಬಾಚುವುದು, ಕಕ್ಕಸಿಗೆಂದು ತಂದ ತೂತಿನ ಕುರ್ಚಿಗೆ ಎತ್ತಿ ಕೂರಿಸುವುದು, ಎಲ್ಲಾ ನನ್ನದೇ. ಅತ್ತೆ ತೂಕದ ಹೆಂಗಸು. ಅವರನ್ನು ಎತ್ತುವ ಹದವನ್ನು ನಾನೇ ಕಂಡುಕೊಂಡಿದ್ದೆ. ಎದುರು ನಿಂತು, ಅವರ ಎರಡೂ ಕೈ ನನ್ನ ಕೊರಳಿಗೆ ಸುತ್ತಿಸಿಕೊಂಡು, ನನ್ನ ಮೊಣಕಾಲನ್ನು ಅವರ ಬಲಮೊಣಕಾಲಿಗೆ ಕೊಟ್ಟು, ಒಂದೇ ಬಾರಿಗೆ ಎಬ್ಬಿಸಿ ತಿರುಗಿಸಬೇಕು. ಇಷ್ಟು ಮಾಡಿದ್ದಕ್ಕೆ ಅವರು ಹೊಗಳಲಿ ಎಂದೇನೂ ಕಾದಿರಲಿಲ್ಲ. ಆದರೆ ಮಂಚದಿಂದ ಅವರ ಕಣ್ಣು ಹುಡುಕಿದರೆ ನನ್ನನ್ನೇ ಹುಡುಕುತ್ತದೆ ಅನ್ನುವ ಒಂದು ಹೆಮ್ಮೆ ಇತ್ತು.

ಆಗ ಬಂದಳು ನನ್ನ ವಾರಗಿತ್ತಿ.

ಮೈದುನ ಮತ್ತು ಅವಳು ಚನ್ನಪಟ್ಟಣದಲ್ಲಿದ್ದರು. ಅವನಿಗೆ ಗೊಂಬೆಗಳಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ, ಅವಳಿಗೆ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ. ಭಾನುವಾರ ಸಾತನೂರಿನ ಮೇಲೆ ಬೈಕಿನಲ್ಲಿ ಬಂದು ಸಂಜೆಗೆ ಹೊರಡುತ್ತಿದ್ದರು. ಅವಳು ಕೆಟ್ಟವಳಲ್ಲ. ಬಂದ ತಕ್ಷಣ ಸೆರಗು ಸಿಕ್ಕಿಸಿ "ಅಕ್ಕ, ಏನ್ ಮಾಡ್ಲಿ?" ಅನ್ನುತ್ತಿದ್ದಳು. ನಾನೇ ಅಡುಗೆಮನೆಯಲ್ಲಿ ಯಾರನ್ನೂ ಬಿಟ್ಟುಕೊಳ್ಳುವವಳಲ್ಲ. "ನೀನು ಅತ್ತೆ ಹತ್ರ ಕೂತ್ಕೋ, ಹೋಗು" ಎಂದು ಅಟ್ಟಿದವಳೂ ನಾನೇ.

ಒಂದು ಭಾನುವಾರ ಹುರುಳಿಕಾಳು ಬಸಿಯುತ್ತಿದ್ದಾಗ ಕೋಣೆಯಿಂದ ಅವಳ ದನಿ ಕೇಳಿಸಿತು.

"ಅತ್ತೆ, ಮೊಬೈಲಲ್ಲಿ ಒಂದು ಸಿನ್ಮಾ ಹಾಕ್ಲಾ?"

"ಬ್ಯಾಡ ಕಣವ್ವ. ಅವ್ರು ಕುಣ್ಯಾದು ನೋಡುದ್ರೆ ನಂಗೆ ಕಾಲು ನೋಯ್ತದೆ."

"ಇದ್ರಲ್ಲಿ ಕುಣ್ಯೋದಿಲ್ಲ, ಹಾಡೂ ಇಲ್ಲ. ಬೆಟ್ಟದ ಮೇಲೆ ತಂತಿ ಮೇಲೆ ಹೋಗೋ ಡಬ್ಬಿ ಇರುತ್ತಲ್ಲ, ಅದು ಅರ್ಧ ದಾರೀಲಿ ಕೆಟ್ಟು ನಿಂತ್ಬುಡುತ್ತೆ. ಒಳಗೆ ಐದು ಜನ. ಅವರಲ್ಲೊಬ್ಬ ಕೊಲೆ ಮಾಡಿ ಬಂದಿರ್ತಾನೆ."

"ಡಬ್ಬಿಯಿಂದ ಆಚಿಕ್ ಬರಾಕಾಗಲ್ವಾ?"

"ಆಗಲ್ಲ. ಕೆಳಗೆ ಕಣಿವೆ."

ಮಂಚ ಕಿರುಗುಟ್ಟಿದ ಸದ್ದಾಯಿತು. ಆಮೇಲೆ ಅತ್ತೆ "ಹಾಕು ಮತ್ತೆ" ಅಂದರು.

ಅವತ್ತು ಮಧ್ಯಾಹ್ನದ ಊಟ ಮೂರು ಸಲ ಬಿಸಿ ಮಾಡಿದೆ. ಕರೆದರೆ "ಇರಮ್ಮಿ, ಒಸಿ" ಅನ್ನುತ್ತಿದ್ದರು ಹೊರತು ತಿರುಗಿ ನೋಡಲಿಲ್ಲ. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ, ಅತ್ತೆಯ ತಲೆದಿಂಬಿಗೇ ತಲೆಯಿಟ್ಟು ಅವಳು ಮಲಗಿದ್ದಳು. ಆ ದಿಂಬಿನ ಚೀಲ ಒಗೆದು ಒಣಗಿಸಿ ಹಾಕಿದವಳು ನಾನು. ಸ್ವಲ್ಪ ಹೊತ್ತಿಗೆ ಅತ್ತೆಯ ಗಂಟಲು ಮನೆಯನ್ನೇ ಎಬ್ಬಿಸಿತು.

"ಅವ್ನೇ ಕಣಮ್ಮಿ! ಆ ಮಂಕಿ ಟೋಪಿಯವ್ನು! ಸೆಕೆ ಸೆಕೆ ಅಂತವ್ನೆ, ಟೋಪಿ ಮಾತ್ರ ತೆಗೀತಾ ಇಲ್ಲ ನೋಡು!"

ಅವನೇ ಆಗಿದ್ದನಂತೆ. ಇಬ್ಬರೂ ನಕ್ಕರು. ಅತ್ತೆಯ ಆ ನಗುವನ್ನು ನಾನು ಮದುವೆಯಾಗಿ ಬಂದ ಮೇಲೆ ಕೇಳಿಯೇ ಇರಲಿಲ್ಲ. ನನ್ನ ಜೊತೆ ಅವರು ನಗುತ್ತಿದ್ದದ್ದು ಹುಳು ಗೂಡು ಚೆನ್ನಾಗಿ ಕಟ್ಟಿದಾಗ, ಅದೂ ಬಾಯಿ ಮುಚ್ಚಿಕೊಂಡು.

ಅಲ್ಲಿಂದ ಪ್ರತಿ ಭಾನುವಾರವೂ ಒಂದು ಸಿನಿಮಾ. ಅವಳು ಹುಡುಕಿ ತರುತ್ತಿದ್ದದ್ದೆಲ್ಲ ಅದೇ ಜಾತಿ. ಹಡಗಿನ ತಳದ ಇಂಜಿನ್ ಕೋಣೆ, ಮುಚ್ಚಿದ ಹಿಟ್ಟಿನ ಗಿರಣಿ. ಒಂದು ಕಡೆ ಸೇರಿಕೊಂಡವರು ಸಿನಿಮಾ ಮುಗಿಯುವವರೆಗೆ ಅಲ್ಲಿಂದ ಕದಲುವಂತಿಲ್ಲ. ಅತ್ತೆಗೆ ಬೇಕಾಗಿದ್ದೂ ಅದೇ. ಮಾತು ಶುರುವಾಗುವ ಮೊದಲೇ ಅವರು ಆ ಕೋಣೆಯನ್ನು ಅಳೆಯುತ್ತಿದ್ದರು. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಕಿಟಕಿ ಎಷ್ಟು ಎತ್ತರ, ಮೂಲೆಯಲ್ಲಿ ಏನಿಟ್ಟಿದ್ದಾರೆ. "ಆ ಬಕೀಟ್ ಸುಮ್ಕೆ ಇಟ್ಟಿಲ್ಲ, ನೋಡ್ತಾ ಇರು" ಅನ್ನುತ್ತಿದ್ದರು. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು. ಇಡೀ ಆಯಸ್ಸು ಮನೆಯ ಮೂಲೆ ಮೂಲೆ ಗುಡಿಸಿದವರಿಗೆ ಯಾವ ವಸ್ತು ಜಾಗ ಬಿಟ್ಟು ಕೂತಿದೆ ಎಂದು ತಿಳಿಯದೇ ಇರುತ್ತದೆಯೇ?

ಎದುರುಮನೆಯ ಹೆಂಗಸು ನೋಡಲು ಬಂದಾಗ ನಾನು ಅತ್ತೆಯ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದೆ. "ನೋವು ಹೆಂಗೈತೆ?" ಎಂದು ಆಕೆ ಕೇಳಿದರು.

"ಅಯ್ಯೋ, ನನ್ ಚಿಕ್ಕ್ ಸೊಸೆ ಬಂದ್ರೆ ನೋವೇ ಗೊತ್ತಾಗಲ್ಲ ಕಣವ್ವ. ಭಾನ್ವಾರ ಯಾವಾಗ ಬತ್ತದೋ ಅಂತ ಕಾಯ್ತಾ ಇರ್ತೀನಿ."

ನಾನು ಎಣ್ಣೆ ಬಟ್ಟಲು ತೆಗೆದುಕೊಂಡು ಎದ್ದೆ. ಒಂದು ಪಾದಕ್ಕೆ ಹಚ್ಚಿರಲೇ ಇಲ್ಲ.

ಗಂಡನ ಹತ್ತಿರ ದೂರಿದೆ. "ಅಷ್ಟೊತ್ತು ಮೊಬೈಲ್ ನೋಡುದ್ರೆ ಅತ್ತೆ ಕಣ್ಣು ಹಾಳಾಯ್ತದೆ. ನಿಮ್ ತಮ್ಮನ್ ಹೆಂಡ್ತಿಗೆ ಒಸಿ ಹೇಳಿ."

ಅವರು ಸೊಪ್ಪು ಕತ್ತರಿಸುತ್ತಿದ್ದವರು ಕತ್ತಿ ನಿಲ್ಲಿಸಲಿಲ್ಲ. "ಅವ್ವ ಬಯ್ಯಾದು ನಿಂತದಲ್ಲಾ, ಇರ್ಲಿ ಬುಡು. ಬೇಕಾದ್ರೆ ನೀನೂ ಕೂತ್ಕೊಂಡು ನೋಡು."

ನನ್ನನ್ನು ಯಾರಾದರೂ ಕರೆದರೆ ತಾನೇ ಕೂರುವುದು! ಅವಳು ಒಂದೆರಡು ಸಲ "ಬನ್ನಿ ಅಕ್ಕ" ಅಂದಿದ್ದಳು, ಸುಳ್ಳು ಹೇಳಬಾರದು. ಆದರೆ ಅತ್ತೆ ಕರೆದಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಬಾಯಿಂದ.

ಸೋಲಬಾರದೆಂದು ಒಂದು ಬುಧವಾರ ನಾನೇ ಒಂದು ಸಿನಿಮಾ ಹಾಕಿಕೊಟ್ಟೆ. ಕೊಲೆ ಇತ್ತು, ಪೊಲೀಸರಿದ್ದರು. ಆದರೆ ಹತ್ತು ನಿಮಿಷಕ್ಕೆ ನಾಯಕ ಕಾರು ಹತ್ತಿ ಊರೂರು ಅಲೆಯತೊಡಗಿದ, ನಡುವೆ ಸಮುದ್ರದ ದಡದಲ್ಲಿ ಒಂದು ಹಾಡು ಬೇರೆ. ಅತ್ತೆ ಆಕಳಿಸಿದರು.

"ಇವ್ನಿಗೆ ಹೋಗಾಕೆ ಎಷ್ಟೊಂದು ಜಾಗ ಐತೆ ನೋಡು. ಇಂಥವ್ನಿಗೆ ಏನ್ ಕಷ್ಟ ಬಂದ್ರೆ ನಂಗೇನು?" ಅಂದು ಗೋಡೆ ಕಡೆ ತಿರುಗಿ ನಿದ್ದೆ ಹೋದರು. ಸಿನಿಮಾ ಅದರ ಪಾಡಿಗೆ ಓಡುತ್ತಲೇ ಇತ್ತು.

ಈ ನಡುವೆ ವಾರಗಿತ್ತಿ ಹೊಸದೊಂದು ರೂಢಿ ಮಾಡಿಕೊಂಡಳು. ಹೊರಡುವ ಹೊತ್ತಾದರೆ ಸಿನಿಮಾವನ್ನು ಅರ್ಧಕ್ಕೆ ನಿಲ್ಲಿಸುವುದು, ಉಳಿದದ್ದು ಮುಂದಿನ ಭಾನುವಾರಕ್ಕೆ. ಅತ್ತೆ ಇಡೀ ವಾರ ಅದನ್ನೇ ಮೆಲುಕು ಹಾಕುತ್ತಿದ್ದರು. ನಾನು ಮೈ ಒರೆಸುವಾಗ ಇದ್ದಕ್ಕಿದ್ದಂತೆ "ಆ ಅಡ್ಗೆಯವ್ನಿಗೆ ಕೀಲಿ ಕೊಟ್ಟೋರ್ಯಾರು?" ಅನ್ನುತ್ತಿದ್ದರು. ನನಗೆ ಅಡುಗೆಯವನೂ ಗೊತ್ತಿಲ್ಲ, ಕೀಲಿಯೂ ಗೊತ್ತಿಲ್ಲ. ನನ್ನ ಕೈಯಲ್ಲಿ ಬಿಸಿನೀರಿನ ಬಟ್ಟೆ, ಅವರ ತಲೆಯಲ್ಲಿ ಅವಳು ಬಿಟ್ಟು ಹೋದ ಕಥೆ. ಅವಳು ಚನ್ನಪಟ್ಟಣದಲ್ಲಿ ಬಿಲ್ಲು ಹಾಕುತ್ತಾ ಕೂತಿದ್ದರೂ ನಮ್ಮ ಕೋಣೆಯಲ್ಲಿ ಇರುತ್ತಿದ್ದಳು.

ಆ ಅಡುಗೆಯವನ ಸಿನಿಮಾ ಯಾವುದೆಂದು ಮೈದುನನಿಗೆ ಫೋನು ಮಾಡಿ ಹೆಸರು ತಿಳಿದುಕೊಂಡೆ. ಕೊನೆ ನೋಡಿ, ಬಂದು, ಅತ್ತೆಗೆ ಹೇಳಿಬಿಡುವುದು. ಭಾನುವಾರಕ್ಕೆ ಏನೂ ಉಳಿಯಬಾರದು. ಅದು ನನ್ನ ಯೋಚನೆ.

ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತಿನಲ್ಲಿ ಅವು ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ. ನಮಗೂ ಆಗಲೇ ಬಿಡುವು. ಹುಳುಮನೆಯ ಬಾಗಿಲು ಹಾಕಿಕೊಂಡು, ಸೊಪ್ಪಿನ ಬುಟ್ಟಿಗೆ ಮೊಬೈಲು ಒರಗಿಸಿ ಮೊದಲಿನಿಂದ ಹಾಕಿದೆ. ನದಿ ದಡದ ಒಂದು ಹಳೇ ಲಾಡ್ಜು. ಪ್ರವಾಹ ಬಂದು ಕೆಳಗೆಲ್ಲ ನೀರು. ಮಹಡಿಯ ಊಟದ ಹಾಲಿನಲ್ಲಿ ಏಳು ಜನ ಸಿಕ್ಕಿಕೊಂಡಿದ್ದಾರೆ, ಮೇಜಿನ ಕೆಳಗೆ ಒಂದು ಹೆಣ.

ಕೊನೆಗೇ ಓಡಿಸಿ ನೋಡಬಹುದಿತ್ತು. ಓಡಿಸಲಿಲ್ಲ. ನೋಡನೋಡುತ್ತಾ ಒಲೆಯ ಮೇಲೆ ಹಾಲಿಟ್ಟಿದ್ದು ಮರೆತೆ. ಎದ್ದು ಹೋಗುವ ದಾರಿ ಇದ್ದರೆ ಮನುಷ್ಯ ಪಕ್ಕದವರ ಮುಖವನ್ನು ಅಷ್ಟು ಹೊತ್ತು ನೋಡುವುದಿಲ್ಲ. ಅಲ್ಲಿ ದಾರಿಯಿಲ್ಲ. ಆ ಏಳು ಜನ ಒಬ್ಬರನ್ನೊಬ್ಬರು ನೋಡುತ್ತಾರೆ, ಉಪ್ಪು ದಾಟಿಸುವಾಗ ಯಾರ ಕೈ ನಡುಗಿತು, ಯಾರು ಯಾರ ಪಕ್ಕ ಜಾಗ ಬಿಟ್ಟು ಕೂತರು ಎಂದು. ಒಂದು ಹಾಲು, ಒಂದು ಮೇಜು, ಅದಷ್ಟೇ. ಅದರೊಳಗೇ ಪ್ರೀತಿ, ಕಳ್ಳತನ, ಹಳೇ ಮತ್ಸರ ಎಲ್ಲಾ ಒಂದೊಂದಾಗಿ ಮೇಲೆ ಬರುತ್ತಿದ್ದವು. ಕೊಂದವಳು ಯಾರೆಂದು ತಿಳಿದಾಗ ಮೊಬೈಲಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದೆ. ಹಾಲು ಸೀದ ವಾಸನೆ ಹುಳುಮನೆಗೆ ಬಂದಿತ್ತು.

ಸಂಜೆ ಅತ್ತೆಗೆ ಎಣ್ಣೆ ಹಚ್ಚಲು ಕೂತೆ. "ನಿಮ್ ಲಾಡ್ಜಿನ್ ಸಿನ್ಮಾ ನಾನೂ ನೋಡ್ದೆ" ಅಂದೆ.

ಅತ್ತೆ ದಿಂಬಿನಿಂದ ತಲೆ ಎತ್ತಿದರು. "ಹೌದಾ? ಪೂರ್ತಿ?"

"ಪೂರ್ತಿ."

"ನಾವು ಆ ಲಾಡ್ಜಲ್ಲಿ ಕರೆಂಟ್ ಹೋಗಾಗಂಟ ನೋಡಿದ್ದೋ. ಆಮ್ಯಾಕೆ?"

ಕೊಂದವಳ ಹೆಸರು ನಾಲಿಗೆಯ ತುದಿಯಲ್ಲಿತ್ತು. ಆದರೆ ಅತ್ತೆ ನನ್ನ ಮುಖ ನೋಡುತ್ತಿದ್ದರು. ಬೇರೇನೂ ಕೇಳುವುದಕ್ಕಲ್ಲ, ಬಿಸಿನೀರಿಗಲ್ಲ, ಮಾತ್ರೆಗಲ್ಲ. ನಾನು ಏನು ಹೇಳುತ್ತೇನೋ ಎಂದು. ಹೆಸರು ಹೇಳಿದರೆ ಆ ನೋಟ ಮುಗಿದುಹೋಗುತ್ತದೆ. ಹಾಗಾಗಿ ಕರೆಂಟು ಹೋದಲ್ಲಿಂದ ಮೆಲ್ಲಗೆ ಶುರು ಮಾಡಿದೆ. ಮೇಣದ ಬತ್ತಿ ಹಚ್ಚಿದ್ದು, ಮುದುಕಿಯ ಬಳೆ ಕಾಣೆಯಾಗಿದ್ದು, ನೀರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದದ್ದು. ಇಲ್ಲದ ಒಂದೆರಡು ಸಂಗತಿ ನಾನೇ ಸೇರಿಸಿದೆ. ಅತ್ತೆ ಉಸಿರು ಹಿಡಿದು ಕೇಳಿದರು. "ಅವ್ಳ ಮುಖ ಹೆಂಗಿತ್ತು ಆವಾಗ?" ಎಂದು ನಿಲ್ಲಿಸಿ ನಿಲ್ಲಿಸಿ ವಿಚಾರಿಸಿದರು. ಎರಡೂ ಪಾದಕ್ಕೆ ಎಣ್ಣೆ ಹಚ್ಚಿ ಮುಗಿದು, ಅಂಗೈಗೂ ಹಚ್ಚಿದೆ.

ಇನ್ನೇನು ಕೊನೆ ಬಂತು ಅನ್ನುವಾಗ ಅತ್ತೆ ನನ್ನ ಕೈ ಹಿಡಿದರು.

"ಅಲ್ಲಿಗೆ ನಿಲ್ಸಮ್ಮಿ. ಮಿಕ್ಕಿದ್ದು ಹೇಳ್ಬ್ಯಾಡ."

"ಯಾಕತ್ತೆ? ಇನ್ನ ಒಸಿ ಐತೆ ಅಷ್ಟೆ."

"ಆ ಹೆಣ್ಮಗ ಅಷ್ಟ್ ದೂರದಿಂದ ಬತ್ತದೆ, ಪಾಪ. ಅದ್ರ್ ಜೊತೇಲೇ ನೋಡ್ತೀನಿ."

ಎಣ್ಣೆ ಬಟ್ಟಲು ತೆಗೆದುಕೊಂಡು ಬಂದು ಅಡುಗೆಮನೆಯಲ್ಲಿ ಕುಕ್ಕಿದ ಸದ್ದಿಗೆ ಗಂಡ ಹೊರಗಿಂದ "ಏನ್ ಬಿತ್ತು?" ಎಂದು ಕೇಳಿದರು.

ಆ ಭಾನುವಾರ ಬೆಳಗ್ಗೆಯೇ ಗಂಡ, ಮೈದುನ ಇಬ್ಬರೂ ಇನ್ನೊಂದು ಬ್ಯಾಚಿನ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿದ್ದರು. ಮನೆಯಲ್ಲಿ ಹೆಂಗಸರು ಮೂವರೇ. ನಾನು ಸಾರಿಗೆ ಖಾರ ರುಬ್ಬುತ್ತಿದ್ದೆ. ಕೋಣೆಯ ಬಾಗಿಲು ಮುಚ್ಚಿದ್ದೂ, ಒಳಗಿನಿಂದ ಚಿಲಕ ಬಿದ್ದದ್ದೂ ಕೇಳಿಸಿತು. ಕೋಳಿಗಳು ಒಳಗೆ ನುಗ್ಗಿ ಮಂಚ ಹತ್ತುತ್ತವೆ ಎಂದು ವಾರಗಿತ್ತಿ ಚಿಲಕ ಹಾಕಿದ್ದಂತೆ. ನನಗೆ ಮಾತ್ರ ಕೋಳಿಯ ನೆಪದಲ್ಲಿ ನನಗೇ ಹಾಕಿದಂತೆ ಕಂಡಿತು.

ಸಿನಿಮಾ ಮುಗಿದಿರಬೇಕು, ಅತ್ತೆ ಜೋರಾಗಿ ಏನೋ ಅಂದರು, ನಕ್ಕರು. ಆಮೇಲೆ ಬಾಗಿಲು ಅಲ್ಲಾಡಿಸುವ ಸದ್ದು. ಮತ್ತೆ ಮತ್ತೆ ಅದೇ ಸದ್ದು.

"ಅಕ್ಕ! ಚಿಲಕ ಬರ್ತಿಲ್ಲ!"

ಆ ಚಿಲಕ ತುಕ್ಕು ಹಿಡಿದದ್ದು. ರಾಗಿ ಇಡುವ ಕೋಣೆಗೆ ಒಳಗಿನಿಂದ ಚಿಲಕ ಹಾಕುವವರು ಯಾರು? ಅವಳು ಎಳೆದಳು, ನಾನು ಹೊರಗಿನಿಂದ ದೂಡಿದೆ, ಅದು ಅಲ್ಲಾಡಲಿಲ್ಲ. ಗಂಡನಿಗೆ ಫೋನು ಮಾಡಿದರೆ ಮಾರುಕಟ್ಟೆಯ ಗಲಾಟೆಯಲ್ಲಿ ಎತ್ತಲಿಲ್ಲ. ಎದುರುಮನೆಗೆ ಓಡಿದೆ. ಮನೆಯ ಗಂಡಸು ತೋಟದಲ್ಲಿದ್ದಾನೆ, ಹೇಳಿ ಕಳಿಸುತ್ತೇನೆ ಅಂದರು ಆ ಹೆಂಗಸು. ವಾಪಸು ಬಂದು ಹಿತ್ತಿಲ ಕಡೆ ಸುತ್ತಿ ಕಿಟಕಿಗೆ ಹೋದೆ.

ಅತ್ತೆಗೆ ಮೊದಲಿಗೆ ತಮಾಷೆ. "ನೋಡಮ್ಮಿ, ನಮ್ದೂ ಸಿನ್ಮಾ ಆಗೋಯ್ತು" ಅಂದರು. ಇಬ್ಬರೂ ಒಳಗೆ ನಗುತ್ತಿದ್ದರು. ನಾನು ಸರಳು ಹಿಡಿದುಕೊಂಡು ಹೊರಗೆ ನಿಂತಿದ್ದೆ, ಬಿಸಿಲಲ್ಲಿ. ಅವರಿಬ್ಬರೂ ಒಟ್ಟಿಗೆ ಸಿಕ್ಕಿಕೊಂಡರಲ್ಲ, ಅದರಲ್ಲೂ ನನಗೆ ಪಾಲಿಲ್ಲವಲ್ಲ ಎಂದು ಆಗಲೂ ಅನ್ನಿಸಿದ್ದು ನೆನಪಿದೆ.

ಸ್ವಲ್ಪ ಹೊತ್ತಿಗೆ ಅತ್ತೆಯ ನಗು ನಿಂತಿತು. ಮುಖ ಬಿಗಿಯಾಯಿತು. ಅದರ ಅರ್ಥ ನನಗೆ ಗೊತ್ತು.

"ಕುರ್ಚಿಗೆ ಹೋಗ್ಬೇಕಾ ಅತ್ತೆ?"

ಅವರು ತಲೆಯಾಡಿಸಿದರು. ವಾರಗಿತ್ತಿ ಕುರ್ಚಿ ಹತ್ತಿರ ಎಳೆದು ಅತ್ತೆಯ ತೋಳಿಗೆ ಕೈ ಹಾಕಿದಳು. ಅತ್ತೆ ಆ ಕೈ ತಳ್ಳಿದರು.

"ನೀ ಬ್ಯಾಡ. ಅವ್ಳ್ ಬರ್ಲಿ."

"ಅಕ್ಕ ಹೆಂಗ್ ಬರ್ತಾರತ್ತೆ? ನಾನೇ ಎತ್ತೀನಿ."

"ನಿಂಗ್ ಬರಾಕಿಲ್ಲ. ಬ್ಯಾಡ ಅಂದ್ನಲ್ಲ! ಅವ್ಳೇ ಬರ್ಬೇಕು."

ವಾರಗಿತ್ತಿಯ ಮುಖ ಬಿಳಿಚಿಕೊಂಡಿತು. ಅವಳು ಕಿಟಕಿ ಕಡೆ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಎಷ್ಟೋ ಭಾನುವಾರ ಅಡುಗೆಮನೆಯ ಬಾಗಿಲಿನಿಂದ ನಾನು ಅವಳನ್ನು ನೋಡುತ್ತಿದ್ದದ್ದೂ ಹೀಗೇ ಇದ್ದಿರಬೇಕು.

"ಅತ್ತೆ, ಇಲ್ಲಿ ನನ್ನ ನೋಡಿ" ಅಂದೆ. "ನಾನು ಹೇಳ್ದಂಗೆ ಅವ್ಳು ಮಾಡ್ತಾಳೆ. ನಾ ಇಲ್ಲೇ ಇವ್ನಿ, ಎಲ್ಗೂ ಹೋಗಲ್ಲ."

ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ಎದುರು ನಿಲ್ಲು. ಅತ್ತೆಯ ಕೈ ನಿನ್ನ ಕೊರಳಿಗೆ. ಮೊಣಕಾಲು ಅವರ ಬಲಮೊಣಕಾಲಿಗೆ ಕೊಡು, ಎಡಗಾಲಿಗಲ್ಲ. ತೋಳು ಹಿಡಿದು ಎಳೆಯಬೇಡ, ಬೆನ್ನಿಗೆ ಕೈ ಹಾಕು. ಈಗ ಎಬ್ಬಿಸು, ತಿರುಗು. ಅವಳು ಸಣಕಲು ಹುಡುಗಿ. ಒಂದು ಕ್ಷಣ ಇಬ್ಬರೂ ಓಲಾಡಿದಾಗ ನಾನು ಹೊರಗಿನಿಂದಲೇ ಕೈ ಚಾಚಿದ್ದೆ, ಸರಳಿಗೆ ಮೊಣಕೈ ತಗುಲಿ ಚರ್ಮ ತರಚಿತು. ಅತ್ತೆ ಅವಳ ಮುಖ ನೋಡಲಿಲ್ಲ. ಕೂರುವವರೆಗೂ ನನ್ನನ್ನೇ ನೋಡುತ್ತಿದ್ದರು.

ಕೂತ ಮೇಲೆ ಅಂದರು, "ಇವ್ಳ್ ಕೈ ತಣ್ಣಗೈತೆ ಕಣಮ್ಮಿ. ನಿನ್ ಕೈಯಂಗಿಲ್ಲ."

ಸಿನಿಮಾಗಳಲ್ಲಿ ಇಂಥ ಹೊತ್ತಿನಲ್ಲಿ ಮನುಷ್ಯರು ಬದಲಾಗುತ್ತಾರೆ. ನನಗಾದದ್ದು ಸಂತೋಷ, ಅದೂ ಬೆಣ್ಣೆ ತಿಂದಂಥ ಸಂತೋಷ. ಅವಳ ಕಣ್ಣು ತುಂಬಿದ್ದು ಕಂಡರೂ ಅದು ಕಡಿಮೆಯಾಗಲಿಲ್ಲ.

ಎದುರುಮನೆಯವನು ಹಾರೆ ತಂದು ಬಾಗಿಲ ಸಂದಿಗೆ ಹಾಕಿ ಮೀಟಿದ. ಚಿಲಕ ಕಿತ್ತು ಬಂತು. ಅತ್ತೆಯನ್ನು ಮತ್ತೆ ಮಂಚಕ್ಕೆ ಸೇರಿಸಿದವಳು ನಾನೇ.

ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಾ ವಾರಗಿತ್ತಿ ತಲೆ ತಗ್ಗಿಸಿಕೊಂಡೇ ಹೇಳಿದಳು, "ಅತ್ತೆಗೆ ನಾನಂದ್ರೆ ಬರೀ ಮೊಬೈಲು ಕಣಕ್ಕ. ಇಷ್ಟು ದಿನ ಬಂದಿದ್ದೀನಿ, ಒಂದು ಸಲಾನೂ ನನ್ನ ಹತ್ರ ನೋವು ಅಂದಿಲ್ಲ. ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ನಂಗೆ."

ತೊಳೆದ ತಟ್ಟೆಯನ್ನೇ ಮತ್ತೆ ನೀರಿಗೆ ಅದ್ದಿದೆ. "ಆ ಬಳೆ ಕದ್ದವಳೇ ಕೊಂದಿದ್ದು ಅಂತ ನೀನು ಮೊದಲೇ ಅಂದ್ಕೊಂಡಿದ್ಯಾ?" ಎಂದು ಕೇಳಿದೆ.

ಅವಳು ತಲೆ ಎತ್ತಿದಳು. "ನೀವೂ ನೋಡುದ್ರಾ? ಇಲ್ಲಕ್ಕ, ನಾನು ಅಡ್ಗೆಯವನು ಅಂದ್ಕೊಂಡಿದ್ದೆ."

"ನಾನೂ ಅಷ್ಟೆ."

ಪಾತ್ರೆ ಮುಗಿಯುವವರೆಗೆ ಆ ಏಳು ಜನರ ಮಾತೇ ಆಡಿದೆವು. ಮುಂದಿನ ಭಾನುವಾರದಿಂದ ನಾನೂ ಮಂಚದ ಕಾಲ ಬಳಿ ಕೂತೆ. ಬಾಗಿಲಿಗೆ ಚಿಲಕವಿರಲಿಲ್ಲ, ಕೋಳಿಗಳೂ ಬಂದು ಹೋಗುತ್ತಿದ್ದವು.

ಮೂರು ತಿಂಗಳಾದ ಮೇಲೆ ಅತ್ತೆ ವಾಕರು ಹಿಡಿದು ನಡುಮನೆಗೆ, ಆಮೇಲೆ ಜಗಲಿಗೆ, ಆಮೇಲೆ ಕೊಟ್ಟಿಗೆಗೆ ಬಂದರು. ಒಂದು ಭಾನುವಾರ ವಾರಗಿತ್ತಿ ಮೊಬೈಲು ತೆಗೆದರೆ, "ಥೂ, ಒಳ್ಗೆ ಕೂತ್ಕಂಡು ಅದೇನ್ ನೋಡೀರಿ? ನಡೀರಿ, ಸೊಪ್ಪು ಕುಯ್ಯಾಣ" ಅಂದುಬಿಟ್ಟರು. ಮತ್ತೆ ಒಂದು ಸಿನಿಮಾವನ್ನೂ ಕೇಳಲಿಲ್ಲ. ಅವರಿಗೆ ಈಗ ಆಚೆಗೆ ಹೋಗಲು ಜಾಗ ಇತ್ತು.

ಗೀಳು ಅಂಟಿದ್ದು ನನಗೆ. ಹುಳು ಜ್ವರಕ್ಕೆ ಕೂತಾಗಲೆಲ್ಲ ಹುಳುಮನೆಯ ಬಾಗಿಲು ಹಾಕಿಕೊಂಡು ಒಂದೊಂದು ನೋಡುತ್ತೇನೆ, ಸಂಜೆ ವಾರಗಿತ್ತಿಗೆ ಫೋನು ಮಾಡಿ ಮಾತಾಡುತ್ತೇನೆ. ಅರ್ಧ ನೋಡಿ ನಿಲ್ಲಿಸುವುದು, ಯಾರಿರಬಹುದೆಂದು ಇಬ್ಬರೂ ಊಹಿಸುವುದು, ಆಮೇಲೆ ಉಳಿದರ್ಧ. ಮೊನ್ನೆ ಫೋನು ಮಾಡಿ, "ಆ ಗುಹೆಯ ಸಿನ್ಮಾ ಅರ್ಧ ಆಯ್ತು, ಯಾರು ಅನ್ಸುತ್ತೆ ನಿಂಗೆ?" ಅಂದೆ.

"ಅಯ್ಯೋ ಅಕ್ಕ, ಅದು ಮುಗ್ಸೇಬುಟ್ಟೆ. ಪಕ್ಕದ ಮನೆಗೆ ಹೊಸದಾಗಿ ಒಬ್ಬ ಹೆಂಗಸು ಬಂದವ್ರೆ, ಅವರಿಗೂ ಇಂಥವೇ ಇಷ್ಟ ಅಂತೆ. ನಿನ್ನೆ ಇಬ್ರೂ ಕೂತು ನೋಡುದ್ವಿ. ಎಷ್ಟು ಚೆನ್ನಾಗಿ ಕಂಡುಹಿಡೀತಾರೆ ಗೊತ್ತಾ ಅವರು!"

"ಹೌದಾ? ಒಳ್ಳೇದಾಯ್ತು" ಅಂದೆ. ಹುಳುಗಳಿಗೆ ಸೊಪ್ಪು ಹಾಕಬೇಕು ಎಂದು ಹೇಳಿ ಫೋನಿಟ್ಟೆ. ಹುಳು ಇನ್ನೂ ಜ್ವರದಿಂದ ಎದ್ದಿರಲಿಲ್ಲ. ಆ ಪಕ್ಕದ ಮನೆಯವಳು ನೋಡಲು ಹೇಗಿದ್ದಾಳೋ, ಎಷ್ಟು ಓದಿದ್ದಾಳೋ, ನನ್ನ ವಾರಗಿತ್ತಿಯ ಯಾವ ದಿಂಬಿಗೆ ತಲೆಯಿಟ್ಟು ನೋಡಿದಳೋ ಎಂದು ಯೋಚಿಸುತ್ತಾ ಹುಳುಮನೆಯಲ್ಲಿ ಬಹಳ ಹೊತ್ತು ಕೂತಿದ್ದೆ.